ಬೆಲ್ಲಣ್ಣನ ಊರಿಗೆ ಡಬಲ್ ವಿಷಲ್

ಏಪ್ರಿಲ್ 21, ಸೋಮವಾರ. ಸಂಜೆ 7.15

ಇವತ್ತೂ ಕುಣಿಗಲ್ ರೂಟು. ಮೂರು ಟ್ರಿಪ್ಪು. ಹೆಬ್ಬೂರಿನಲ್ಲಿ ಒಬ್ಬ ಮಹಾಶಯ ಬಾಗಿಲಿಗೇ ಅಂಟಿಕೊಂಡು ನಿಂತಿದ್ದ. "ಒಳಗೋಗಣ್ಣ" ಅಂದರೆ "ಗಾಳಿ ಬೇಕು" ಅಂತಾನೆ. "ಗಾಳಿ ಬೇಕಿದ್ರೆ ತೋಟಕ್ಕೋಗು, ಬಸ್ಸಿಗ್ಯಾಕ್ ಬಂದೆ?" ಅಂದೆ. ಹೋದ ಒಳಗೆ. ಕಂಡಕ್ಟರಾಗಿ ಒಂಬತ್ತು ವರ್ಷದ ಸರ್ವೀಸು, ಸುಮ್ಮನೆ ಅಲ್ಲ. ಬಾಯಿ, ವಿಷಲ್ — ಎರಡಿದ್ದರೆ ಎಂಥ ರಶ್ಶಿಗೂ ಹೆದರಬೇಕಿಲ್ಲ. ಸಿಂಗಲ್ ಊದಿದರೆ ಗಾಡಿ ನಿಲ್ಲಬೇಕು, ಡಬಲ್ ಊದಿದರೆ ಹೊರಡಬೇಕು. ಮನೆಯಲ್ಲೂ ಹೀಗೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮಕ್ಕಳಿಗೆ ಬೇಸಿಗೆ ರಜ. ಬೆಳಗ್ಗೆಯಿಂದ ಟೀವಿ. ಕಾರ್ಟೂನಿನಲ್ಲಿ ಬೆಲ್ಲಣ್ಣ ಅಂತ ಒಂದು ಕರಡಿ. ಆಲೆಮನೆಗೆ ನುಗ್ಗಿ ಬೆಲ್ಲ ಕದಿಯುವುದೇ ಅದರ ಉದ್ಯೋಗ. ಆ ಟೀವಿಯವರೇ ಡಾಬಸ್‌ಪೇಟೆ ದಾಟಿ ಹೈವೇ ಪಕ್ಕ "ಬೆಲ್ಲಣ್ಣನ ಊರು" ಅಂತ ಮಾಡಿದ್ದಾರೆ. ಕರಡಿಯ ಮನೆ, ಪುಟ್ಟ ರೈಲು, ಎಲ್ಲ ಇದೆಯಂತೆ. ಮೇ 25ಕ್ಕೆ ಕೊನೆ.

ಚೈತನ್ಯನಿಗೆ ನಾಲ್ಕು ವರ್ಷ. ಬೆಲ್ಲಣ್ಣನಿಗೆ ಕೊಡಬೇಕು ಅಂತ ಈಗಲೇ ಚಡ್ಡಿ ಜೇಬಿನಲ್ಲಿ ಒಂದು ಉಂಡೆ ಬೆಲ್ಲ ಇಟ್ಟುಕೊಂಡಿದ್ದಾನೆ. ಇರುವೆ ಬಂದಿದೆ. ಕೃತಿಕಾಗೆ ಎಂಟು. "ಯಾವಾಗಮ್ಮಾ?" ಅಂದಳು. "ಈ ಭಾನ್ವಾರ. ಪ್ರಾಮಿಸ್" ಅಂದೆ.

ಏಪ್ರಿಲ್ 27, ಭಾನುವಾರ

ಹೋಗಲಿಲ್ಲ. ಅಮಾವಾಸ್ಯೆ. ಯಡಿಯೂರು ದೇವಸ್ಥಾನಕ್ಕೆ ಸ್ಪೆಷಲ್ ಗಾಡಿ ಬಿಟ್ಟಿದ್ದರು. ಬೆಳಗ್ಗೆ ಐದಕ್ಕೇ ಡಿಪೋದಿಂದ ಫೋನು. ಇವತ್ತು ನನ್ನ ವಾರದ ರಜ, ಆಗಲ್ಲ ಅನ್ನಬಹುದಿತ್ತು. "ಮಾಲಿನಿ ಮೇಡಂ, ನೀವಿದ್ರೆ ಧೈರ್ಯ" ಅಂದುಬಿಟ್ಟರು. ಉಬ್ಬಿಹೋದೆ. ಹೊಗಳಿದರೆ ನಾನು ಹಾಗೇ.

ಸಂಜೆ ಬಂದಾಗ ಕೃತಿಕಾ ಹೊಸ ಫ್ರಾಕ್ ಹಾಕಿಕೊಂಡೇ ಕೂತಿದ್ದಳು. ಬೆಳಗ್ಗೆಯಿಂದ ಬಿಚ್ಚಿಲ್ಲವಂತೆ. "ಇನ್ನೊಂದು ಸಲ ಹೋಗಣ, ಪಕ್ಕಾ" ಅಂದೆ.

ಮೇ 11, ಭಾನುವಾರ. ಸಂಜೆ 6.00

ಗುಬ್ಬಿ ರೂಟಿನ ಕಂಡಕ್ಟರ್‌ಗೆ ಜ್ವರ. ಮದುವೆ ಸೀಸನ್ನು. ಮತ್ತೆ ನಾನೇ. ನೀವಿದ್ರೆ ಧೈರ್ಯ, ಇತ್ಯಾದಿ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಕೃತಿಕಾ ತಮ್ಮನಿಗೆ ಹೇಳುತ್ತಿದ್ದಳು: "ಅಮ್ಮ ಹೋಗಣ ಅಂದ್ರೆ, ಹೋಗಲ್ಲ ಅಂತ ಅರ್ಥ ಕಣೋ. ಬೆಲ್ಲ ನೀನೇ ತಿನ್ಕೊ."

ಸಿಟ್ಟಿಲ್ಲದೆ ಹೇಳಿದಳು. ಒಂದಕ್ಕೊಂದು ಸೇರಿಸಿದರೆ ಎರಡು ಅನ್ನುವ ಹಾಗೆ.

ಮೇ 12

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಕರಡಿಯ ಮನೆ ಹಾಳಾಗಿ ಹೋಗಲಿ, ಅದಲ್ಲ ವಿಷಯ. ಮಗಳು ನನ್ನ ಮಾತು ನಂಬುವುದನ್ನು ಬಿಟ್ಟಿದ್ದಾಳೆ.

ಅತ್ತೆಗೆ ಹೇಳಿಕೊಂಡೆ. ಬಸವಲಿಂಗಮ್ಮನವರು ಸಮಾಧಾನ ಮಾಡುವ ಪೈಕಿ ಅಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ಕೆ ಅಂದವ್ರಾ?" ಅಂತ ಹುಣಸೆಹಣ್ಣು ಬಿಡಿಸುತ್ತಲೇ ಅಂದರು. ಕೋಪ ಬಂತು. ಆಮೇಲೆ ನಿಜ ಅನ್ನಿಸಿತು. ಆಮೇಲೆ ಮತ್ತೆ ಕೋಪ ಬಂತು.

ಮೇ 24, ಶನಿವಾರ

ನಾಳೆ ಕೊನೆಯ ದಿನ. ವಾರದ ರಜವೇ ಆದರೂ ನಂಬದೆ ರಜೆ ಅರ್ಜಿ ಕೊಟ್ಟು, ಎದುರಿಗೇ ನಿಂತು ಸಹಿ ಹಾಕಿಸಿಕೊಂಡು ಬಂದೆ. ಫೋನ್ ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ನಮ್ಮ ಯಜಮಾನರಿಗೆ ಕೋರ ಕಡೆಯ ಫ್ಯಾಕ್ಟರಿಯಲ್ಲಿ ಭಾನುವಾರದ ಶಿಫ್ಟು. ಪರವಾಗಿಲ್ಲ. ಅರವತ್ತು ಜನರನ್ನು ಸಂಭಾಳಿಸುವವಳಿಗೆ ಎರಡು ಮಕ್ಕಳು ಯಾವ ಲೆಕ್ಕ!

ಮೇ 25, ಭಾನುವಾರ. ಸಂಜೆ 6.40

ಹೋಗಿ ಬಂದೆವು. ಮೊದಲಿಂದ ಬರೆಯುತ್ತೇನೆ.

ಬೆಳಗ್ಗೆ ಕೃತಿಕಾ ಹೊಸ ಫ್ರಾಕ್ ಹಾಕಿಕೊಳ್ಳಲು ಒಪ್ಪಲೇ ಇಲ್ಲ. "ಬಸ್ ಹತ್ತಿದ್ಮೇಲೆ ನೋಡಣ" ಅಂದಳು. ಬಸ್ಸಿನಲ್ಲಿ ಫ್ರಾಕ್ ಬದಲಾಯಿಸಲು ಆಗುತ್ತದಾ? ಹಳೆಯದರಲ್ಲೇ ಬಂದಳು. ಕ್ಯಾತ್ಸಂದ್ರದಲ್ಲಿ ಬಸ್ ಹತ್ತಿ, ಡಾಬಸ್‌ಪೇಟೆ ಬರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಇನ್ನೂ ಇಳಿದು ಡ್ಯೂಟಿಗೆ ಹೋಗಬಹುದು ಅಂತಿರಬೇಕು.

ಗೇಟಿನಲ್ಲಿ ಕಾಲಿಡಲು ಜಾಗವಿಲ್ಲ. ಸೆಕ್ಯುರಿಟಿಯವರು ಕೈಚೆಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಒಂದೇ ಲೈನು, ಒಂದೇ ಲೈನು! ಲೇಡೀಸ್ ಈ ಕಡೆ! ಆಧಾರ್ ಕಾರ್ಡ್ ಕೈಲಿಟ್ಕೊಳ್ರಮ್ಮಾ!" ಕೊನೆಯದು ಹೆಂಗಸರ ಫ್ರೀ ಟಿಕೆಟ್ ಹರಿದ ಅಭ್ಯಾಸಬಲ. ಮೂರ್ನಾಲ್ಕು ಹೆಂಗಸರು ನಿಜವಾಗಿಯೂ ಪರ್ಸಿಗೆ ಕೈ ಹಾಕಿದರು. "ಅಮ್ಮಾ, ಸುಮ್ನಿರು... ಪ್ಲೀಸ್" ಅಂದಳು ಕೃತಿಕಾ. ಲೈನಂತೂ ನೆಟ್ಟಗಾಯಿತು.

ಒಳಗೆ ಬೆಲ್ಲಣ್ಣ. ಆರಡಿ ಕರಡಿ ವೇಷ, ಒಳಗೆ ಯಾರೋ ಪಾಪ ಬೇಯುತ್ತಿದ್ದಾರೆ. ಚೈತನ್ಯ ಜೇಬಿನಿಂದ ಬೆಲ್ಲ ತೆಗೆದು ಚಾಚಿದ. ಒಂದು ತಿಂಗಳಲ್ಲಿ ಇದು ನಾಲ್ಕನೆಯ ಉಂಡೆ. ಅಂಟಂಟು. ಕರಡಿ ಒಂದು ಕ್ಷಣ ನೋಡಿತು, ಎರಡೂ ಕೈಯಲ್ಲಿ ಈಸಿಕೊಂಡು ಎದೆಗೆ ಒತ್ತಿಕೊಂಡಿತು. "ಪ್ರಸಾದ ಆಯ್ತೇನಪ್ಪಾ?" ಅಂತ ಮೆಲ್ಲಗೆ ಕೇಳಿದೆ. ನಾವು ಮಠದ ಪಕ್ಕದವರು, ಊಟ ಆಯ್ತಾ ಅನ್ನುವುದನ್ನು ಹಾಗೇ ಕೇಳುವುದು. ಕರಡಿ ಇಲ್ಲ ಅಂತ ದೊಡ್ಡ ತಲೆ ಆಡಿಸಿತು. ಕೃತಿಕಾಗೆ ನಗು ಬಂದುಬಿಟ್ಟಿತು. ನಾನು ಗೆದ್ದೆ ಅಂದುಕೊಂಡೆ.

ಆಮೇಲೆ ರೈಲು. ಅಲ್ಲೇ ಕೆಟ್ಟೆ.

ನಾಲ್ಕು ಪುಟ್ಟ ಬೋಗಿ. ಪ್ಲಾಟ್‌ಫಾರ್ಮಿನಲ್ಲಿ ತಳ್ಳಾಟ. ಎಳೆ ಮಕ್ಕಳನ್ನು ಎತ್ತಿಕೊಂಡವರು ಒದ್ದಾಡುತ್ತಿದ್ದರು. ಬ್ಯಾಗನ್ನು ಕೃತಿಕಾ ಕೈಗೆ ಕೊಟ್ಟು "ಹಿಡ್ಕೊಂಡಿರು" ಅಂದೆ. ಶುರು ಮಾಡಿದೆ. "ಅಜ್ಜಿ, ನೀವಿಲ್ಲಿ ಬನ್ನಿ. ಪಾಪು ತೊಡೆ ಮೇಲೆ. ಅಣ್ಣಾ, ಕಾಲೊಳಗೆ!" ಎರಡೇ ನಿಮಿಷ, ರೈಲು ಫುಲ್. ಚೈತನ್ಯನನ್ನು ಎತ್ತಿ ಕೂರಿಸಿದೆ. ಕಡೆಗೆ ನಾನು ಹತ್ತಿದೆ. ಕಂಡಕ್ಟರ್ ಯಾವಾಗಲೂ ಕಡೆಗೇ ಹತ್ತುವುದು. ಕೊರಳಲ್ಲಿ ದಾರ ಇದ್ದೇ ಇತ್ತು, ರಜದ ದಿನವೂ. ವಿಷಲ್ ಯಾವಾಗ ಬಾಯಿಗೆ ಬಂತೋ ಶಿವನಿಗೇ ಗೊತ್ತು. ಡಬಲ್ ಊದಿದೆ.

ಹೊರಟೇಬಿಟ್ಟಿತು! ಡ್ರೈವರ್ ಹಿಂತಿರುಗಿಯೂ ನೋಡಲಿಲ್ಲ.

ತಿರುವಿನಲ್ಲಿ ಚೈತನ್ಯ "ಅಕ್ಕ ಅಲ್ಲಿ" ಅಂದ.

ಕೃತಿಕಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು. ನನ್ನ ಬ್ಯಾಗು ತಬ್ಬಿಕೊಂಡು, ನಾನು ಕರೆಯಲಿ ಅಂತ ಕಾದವಳು. ಅಳಲಿಲ್ಲ. ಕೂಗಲಿಲ್ಲ. ಇದು ಗೊತ್ತಿದ್ದದ್ದೇ ಅನ್ನುವ ಹಾಗೆ ನಿಂತಿದ್ದಳು. ಒಂಬತ್ತು ವರ್ಷದಲ್ಲಿ ಒಬ್ಬ ಪ್ಯಾಸೆಂಜರನ್ನೂ ಬಿಟ್ಟುಹೋದವಳಲ್ಲ ನಾನು.

ಸಿಂಗಲ್ ಊದಿದೆ. ಉಸಿರಿರುವಷ್ಟೂ. ಗಕ್ಕನೆ ಬ್ರೇಕು. ಚೈತನ್ಯನನ್ನು ಪಕ್ಕದ ಅಜ್ಜಿಯ ಕೈಗಿಟ್ಟು ಹಳಿಯ ಮೇಲೇ ಓಡಿದೆ.

"ಎಲ್ರುನ್ನೂ ಹತ್ತಿಸ್ದೆ" ಅಂದಳು ಕೃತಿಕಾ. "ಅಜ್ಜಿನ, ಪಾಪುನ, ಎಲ್ರುನ್ನೂ. ನನ್ನೊಬ್ಳನ್ನ ಬಿಟ್ಟೆ." ಬ್ಯಾಗನ್ನು ನನ್ನ ಕೈಗೆ ತುರುಕಿದಳು.

"ತಪ್ಪಾಯ್ತು ಕಣೇ" ಅಂದೆ. ಪ್ರಾಮಿಸ್ ಅಂತ ಬಾಯಿಗೆ ಬಂತು. ನುಂಗಿಕೊಂಡೆ.

ಅಷ್ಟರಲ್ಲಿ ಡ್ರೈವರ್ ರೈಲನ್ನು ಹಿಂದಕ್ಕೆ ತಂದು ನಿಲ್ಲಿಸಿ ಇಳಿದು ಬಂದರು. ವಯಸ್ಸಾದವರು. ಅಂಗಿಯ ಮೇಲೆ ಅಣ್ಣಯ್ಯಪ್ಪ ಅಂತ ಹೆಸರಿತ್ತು. "ನಂದೂ ತಪ್ಪೈತೆ ಕಣಮ್ಮ. ಮೂವತ್ತೊಂದು ವರ್ಸ ಗುಬ್ಬಿ ರೂಟಲ್ಲಿ ಬಸ್ ಓಡ್ಸಿ ರಿಟೇರ್ ಆದೋನು ನಾನು. ಡಬಲ್ ಕಿವೀಗ್ ಬಿದ್ರೆ ಸಾಕು, ಗಾಡಿ ಎತ್ಬುಡ್ತೀನಿ. ಕನ್ನಡಿ ನೋಡ್ನಿಲ್ಲ" ಅಂದರು.

ವಿಷಲ್ ತೆಗೆದು ಕೃತಿಕಾ ಕೊರಳಿಗೆ ಹಾಕಿದೆ. "ಈಗ ನೀನು ಕಂಡಕ್ಟರ್. ನೀನು ಊದೋವರ್ಗೂ ಹೊರಡಲ್ಲ."

ನನ್ನನ್ನು ನಂಬಲಿಲ್ಲ. ಅಣ್ಣಯ್ಯಪ್ಪನವರ ಮುಖ ನೋಡಿದಳು. ಅವರು ಹಣೆಗೆ ಕೈಯಿಟ್ಟು ಸೆಲ್ಯೂಟ್ ಹೊಡೆದರು. "ಕಂಡಕ್ಟ್ರಮ್ಮ ಯೋಳಿದ್ಮೇಲೇ ಗಾಡಿ."

ಅಬ್ಬಬ್ಬಾ, ಏನು ನಿಧಾನ! ಒಂದೊಂದು ಬೋಗಿಯ ಹತ್ತಿರವೂ ನಿಂತು ಎಣಿಸಿದಳು. ಅಜ್ಜಿಗೆ "ಕೈ ಒಳಗಿಟ್ಕೊಳ್ಳಿ" ಅಂದಳು. ಹಿಂದಿನಿಂದ ಒಬ್ಬ "ಹೊರಡ್ಲಿ ಬುಡವ್ವ, ಟೇಮಾಯ್ತದೆ" ಅಂದ. ತಿರುಗಿ ನೋಡಿದಳಷ್ಟೆ. ಬಾಯಿ ಮುಚ್ಚಿಕೊಂಡ. ಅಣ್ಣಯ್ಯಪ್ಪನವರು ಕನ್ನಡಿಯಲ್ಲಿ ಕಣ್ಣಿಟ್ಟು ಕೂತಿದ್ದರು. ಕೊನೆಗೆ ನನ್ನ ಮುಂದೆ ಬಂದು ನಿಂತಳು.

"ಅಮ್ಮ, ಹತ್ತು."

ಹತ್ತಿದೆ.

"ಕೂತ್ಕೊ."

ಕೂತೆ. ಕಡೆಗೆ ಅವಳು ಹತ್ತಿದಳು. ನನ್ನ ತೊಡೆಯ ಮೇಲೆ ಕೂತು, ಇನ್ನೊಂದು ಸಲ ಪ್ಲಾಟ್‌ಫಾರ್ಮ್ ನೋಡಿ, ಡಬಲ್ ಊದಿದಳು. ನನ್ನ ಕಣ್ಣಲ್ಲಿ ನೀರು ಬಂತು. ಬರಲಿ, ಯಾರಿಗೇನು.

ವಿಷಲ್ ವಾಪಸ್ ಕೊಟ್ಟಿಲ್ಲ. ಕೇಳಿದರೆ "ನಿಂಗೆ ಡಿಪೋಲಿ ಬೇರೆ ಕೊಡ್ತಾರೆ" ಅಂತಾಳೆ.

ಮೇ 28, ಬುಧವಾರ

ಹೊಸ ವಿಷಲ್. ಸದ್ದು ಸಣ್ಣ. ಡಬಲ್ ಊದುವ ಮುಂಚೆ ಎರಡೆರಡು ಸಲ ಹಿಂದೆ ನೋಡುತ್ತಿದ್ದೇನೆ. "ಏನ್ ಮೇಡಂ, ಯಾರಿಗ್ ಕಾಯ್ತಾ ಇದೀರಾ?" ಅಂತ ಡ್ರೈವರ್ ನಗುತ್ತಾರೆ.

ಈ ಭಾನುವಾರ ಮಕ್ಕಳನ್ನು ನಾಮದ ಚಿಲುಮೆಗೆ ಕರೆದುಕೊಂಡು ಹೋಗಬೇಕು. ಜಿಂಕೆ ನೋಡಲಿ. "ಹೋಗಣ" ಅಂದೆ. ಪ್ರಾಮಿಸ್ ಅನ್ನಲಿಲ್ಲ. ಕೃತಿಕಾ "ಹೂಂ" ಅಂದಳು. ಆ ಹೂಂಗೆ ಏನರ್ಥವೋ ಗೊತ್ತಾಗಲಿಲ್ಲ.

ಜೂನ್ 1, ಭಾನುವಾರ. ಬೆಳಗ್ಗೆ 6.40

ಚಿತ್ರಾನ್ನ ಕಟ್ಟಿ ಆಯಿತು. ನೀರಿನ ಬಾಟಲ್ ಎರಡು. ಚೈತನ್ಯ ಹಲ್ಲುಜ್ಜುತ್ತಿದ್ದಾನೆ. ಕೃತಿಕಾ ರೂಮಿನ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದಾಳೆ. ಐದು ನಿಮಿಷ ಬರೆಯೋಣ ಅಂತ ಕೂತೆ.

ಕೂತ ತಕ್ಷಣ ಫೋನು. ಡಿಪೋ. ಕುಣಿಗಲ್ ಗಾಡಿಗೆ ಕಂಡಕ್ಟರ್ ಇಲ್ಲವಂತೆ. "ಮಾಲಿನಿ ಮೇಡಂ, ನೀವಿದ್ರೆ ಧೈರ್ಯ." ಅದೇ ಮಾತು, ಅದೇ ಬೆಣ್ಣೆ. ನನ್ನ ಬಾಯಿ ಆಗಲೇ "ಆಯ್ತು ಸಾ..." ಅಂತ ಹೊರಟಿತ್ತು.

ರೂಮಿನಿಂದ ವಿಷಲ್. ಸಿಂಗಲ್. ಉದ್ದಕ್ಕೆ.

ನಿಂತೆ. "ಇವತ್ತಾಗಲ್ಲ ಸಾರ್. ಮಕ್ಳ ಜೊತೆ ಹೋಗ್ತಿದೀನಿ" ಅಂದೆ. ಆ ಕಡೆಯವರು ಇನ್ನೇನೋ ಹೇಳುತ್ತಿದ್ದರು. ಫೋನ್ ಇಟ್ಟುಬಿಟ್ಟೆ.

ಬಾಗಿಲು ತೆರೆಯಿತು. ಹೊಸ ಫ್ರಾಕು! ಬಸ್ ಹತ್ತುವ ಮುಂಚೆಯೇ. ವಿಷಲ್ ಬಾಯಲ್ಲೇ ಇದೆ. ನಾನು ಬರೆಯುವುದನ್ನೇ ನೋಡುತ್ತಾ ನಿಂತಿದ್ದಾಳೆ. ಒಂದು ನಿಮಿಷ ಇರೇ, ಈ ಒಂದು ಸಾಲು ಮುಗಿ... ಡಬಲ್ ಊದಿದಳು. ಹೊರ—