ಜಗಲಿಯ ಮೇಲಿಟ್ಟ ಕಾರಿನ ಕೀಲಿ

ನಮ್ಮೂರಿನ ಬಸ್ಸು ನಿಲ್ಲಿಸಿದ ಮಾನ್ಯ ಅಧಿಕಾರಿಗಳೇ,

ಹುಮನಾಬಾದಿನಿಂದ ನಮ್ಮೂರ ಮೇಲೆ ಹಾದು ಬಸವಕಲ್ಯಾಣಕ್ಕೆ ಹೋಗಿ ಬರುತ್ತಿದ್ದ ಬೆಳಗಿನ ಬಸ್ಸನ್ನು ಪ್ರಯಾಣಿಕರ ಕೊರತೆಯ ಕಾರಣ ಕೊಟ್ಟು ನಿಲ್ಲಿಸಿದ್ದೀರಿ. ಆ ಕೊರತೆ ಹೇಗೆ ಹುಟ್ಟಿತು ಎಂದು ವಿಚಾರಿಸಿದಿರಾ? ಏಳೂವರೆಯ ಬಸ್ಸು ಒಂದು ದಿನ ಒಂಬತ್ತಕ್ಕೆ ಬಂತು, ಒಂದು ದಿನ ಬರಲೇ ಇಲ್ಲ. ಅನುಕೂಲ ಇದ್ದವರು ಕಾರು ಕೊಂಡರು, ಇಲ್ಲದವರು ಅವರ ಬಾಗಿಲಿಗೆ ಹೋಗಿ ನಿಂತರು. ಆಮೇಲೆ ನೀವು ಬಂದು ಖಾಲಿ ಸೀಟು ಎಣಿಸಿದಿರಿ. ಹೆಂಗಸರಿಗೆ ಬಸ್ಸು ಪುಕ್ಕಟೆ. ಬಾರದ ಬಸ್ಸನ್ನು ಪುಕ್ಕಟೆ ಹತ್ತುವುದು ಹೇಗೆ ಎಂಬುದಕ್ಕೂ ಒಂದು ಸುತ್ತೋಲೆ ಹೊರಡಿಸಿ. ನಾನು ಏಳನೆಯ ಇಯತ್ತೆ ಓದಿದವಳು, ನಿಧಾನವಾಗಿ ಓದಿಕೊಳ್ಳುತ್ತೇನೆ.

ಕಾರು ಕೊಂಡವರಲ್ಲಿ ನಮ್ಮ ಮನೆಯವರೂ ಒಬ್ಬರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಆದರೆ ಕಾಗದದಲ್ಲಿ ಮುಚ್ಚಿಡಬಾರದು: ಧನರಾಜ. ಕಾರ್ತಿಕದಲ್ಲಿ ಒಂದು ಸಂಜೆ ಬಸವಕಲ್ಯಾಣಕ್ಕೆ ಪ್ರವಚನಕ್ಕೆಂದು ಹೊರಟಿದ್ದೆವು. "ತಡಾ ಆಗ್ತದ, ಜರಾ ಲಗೂ ಹೊಡೀರಿ" ಎಂದವಳು ನಾನೇ. ದಯೆಯ ಮೇಲಿನ ಪ್ರವಚನ ತಪ್ಪಬಾರದೆಂದು ತೊಂಬತ್ತರ ವೇಗದಲ್ಲಿ ಹೋಗಿ, ನಮ್ಮದೇ ಊರಿನ ಕುರಿಗಾರ ಅಮೋಘಸಿದ್ದಪ್ಪನ ಬಲಗಾಲು ಮುರಿದೆವು. ಪೊಲೀಸರು ಕೇಳಿದಾಗ ಗಾಡಿ ಜೋರಿತ್ತೆಂದೇ ಹೇಳಿದೆ. "ನೀ ಯಾರ ಹೇಣ್ತಿ?" ಎಂದು ಮನೆಯವರು ಸಿಟ್ಟಾದರು. "ಮುಂಜಾನಿ ಲಿಂಗಪೂಜಿ ಮಾಡಾಕಿ ನಾ. ಸಂಜಿಗಿ ಸುಳ್ಳ ಹ್ಯಾಂಗ ಹೇಳ್ಲಿ?" ಎಂದೆ.

ಆರು ತಿಂಗಳು ಲೈಸನ್ಸ್ ಅಮಾನತಾಯಿತು. ಸರಿಯಾಯಿತು. ಕೀಲಿಯನ್ನು ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕ ಇಟ್ಟೆ. ನಮ್ಮಲ್ಲಿ ಮಾತು ಕೊಟ್ಟು ಜಗಲಿಗೆ ಇಟ್ಟ ವಸ್ತುವನ್ನು ಅವಧಿ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಸರ್ಕಾರದ ಕಾಗದಕ್ಕೆ ಹೆದರದ ಮನೆಯವರೂ ಜಗಲಿಗೆ ಹೆದರಿ ದೂರವೇ ಉಳಿದರು.

ಮುಟ್ಟಿದವಳು ನಾನು.

ಕಾಲು ಮುರಿದ ದಿನ ಆಂಬುಲೆನ್ಸ್ ಬರುತ್ತದೆ. ಪ್ರತಿ ಸೋಮವಾರ ಗಾಯ ತೊಳೆಸಲು ಹುಮನಾಬಾದಿಗೆ ಹೋಗಬೇಕಾದರೆ ಬರುವುದಿಲ್ಲ. ಸರಳು ಹಾಕಿದ ಕಾಲನ್ನು ಬೈಕಿನ ಮೇಲೆ ಮಡಚಲಾಗದು. ಕಬ್ಬಿನ ಹಂಗಾಮು ಶುರುವಾದ ಮೇಲೆ ಟ್ರ್ಯಾಕ್ಟರುಗಳ ಸಾಲಿಗೆ ಹೆದರಿ ಹಳ್ಳಿಖೇಡದ ಕಡೆಯ ಆಟೋದವರು ನಮ್ಮ ರಸ್ತೆಗೆ ಬರಲೊಲ್ಲರು. ಊರಿನ ಉಳಿದ ಕಾರುಗಳು ಬೆಳಕು ಹರಿಯುತ್ತಲೇ ಹೊರಟುಹೋಗುತ್ತವೆ. ಎರಡು ಸೋಮವಾರ ತಪ್ಪಿದ ಮೇಲೆ ಅಮೋಘಸಿದ್ದಪ್ಪನ ಹೆಂಡತಿ ರುಕ್ಮಿಣಿಬಾಯಿ ನಮ್ಮ ಹೊಸ್ತಿಲಿಗೆ ಬಂದಳು.

"ಅಕ್ಕಾ, ಕಾಲಿಗಿ ವಾಸನಿ ಬರಾಕತ್ಯಾದ. ಗಾಡಿ ಕಳಸ್ರಿ."

"ಲೈಸನ್ಸ್ ಹೋಗ್ಯಾದವ್ವ."

"ಲೈಸನ್ಸ್ ಹೋಗ್ಯಾದ, ಗಾಡಿ ಎಲ್ಲಿ ಹೋಗ್ಯಾದ? ಕಾಲ ಮುರದ ಗಾಡೀನೇ ಒಯ್ಯಲಿ. ನನಗೇನ್ ನಾಚಿಕಿಲ್ಲ."

ನನಗಿತ್ತು. ಆದರೂ ಜಗಲಿಗೆ ಕೈಮುಗಿದು ಕೀಲಿ ಎತ್ತಿಕೊಟ್ಟೆ. ಮನೆಯವರು ಮೂವತ್ತರ ಮೇಲೆ ಓಡಿಸಲಿಲ್ಲ; ಕಬ್ಬಿನ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕಿದವು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ ಅಮೋಘಸಿದ್ದಪ್ಪ, "ಧನರಾಜಪ್ಪಾ, ಇನ್ನೊಂದ ಕಾಲ ಉಳದದ. ಹಿಂಗೇ ಸಾವಕಾಶ ಹೊಡಿ" ಎಂದ. ಹುಮನಾಬಾದ್ ಇನ್ನೂ ದೂರ ಇರುವಾಗಲೇ ತಪಾಸಣೆಯವರು ನಿಲ್ಲಿಸಿದರು. ಹಿಡಿದವರದು ತಪ್ಪಿಲ್ಲ. ಆದರೆ ಅವರಲ್ಲೊಬ್ಬರು ನನಗೆ ಬುದ್ಧಿ ಹೇಳಿದರು: "ಬಸ್ಸಿನಾಗ ಬರಬೇಕಿಲ್ಲೇನ್ರಿ, ಅಮ್ಮಾ?" ಕಾಲು ಮುರಿದಂದಿನಿಂದ ಅಮೋಘಸಿದ್ದಪ್ಪ ನಕ್ಕದ್ದನ್ನು ಅವತ್ತೇ ನೋಡಿದ್ದು.

ಕಾರು ಠಾಣೆಗೆ ಹೋಯಿತು, ರೋಗಿ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಆಸ್ಪತ್ರೆಗೆ ಹೋದ. ಮತ್ತೊಂದು ಸೋಮವಾರ ತಪ್ಪಿದರೆ ಕಾಲು ತೆಗೆಯಬೇಕಾದೀತು ಎಂದಿದ್ದಾರೆ ಡಾಕ್ಟರು. ಕುರಿಗಳ ಹಿಂದೆ ನಡೆದು ಬದುಕುವವನಿಗೆ ಒಂಟಿ ಕಾಲಿನಿಂದ ಏನಾಗಬೇಕು?

ನಮ್ಮ ಶಿಕ್ಷೆ ಕಡಿಮೆ ಮಾಡಿ ಎಂದು ನಾನು ಬೇಡುತ್ತಿಲ್ಲ. ಇನ್ನೊಂದು ವರ್ಷ ಬೇಕಾದರೂ ಬೆಳೆಸಲಿ. ಆದರೆ ಗಾಡಿ ಓಡಿಸಬೇಡ ಎನ್ನುವ ಸರ್ಕಾರವೇ ಬಸ್ಸನ್ನೂ ಕಿತ್ತುಕೊಂಡರೆ, ನಮ್ಮ ತಪ್ಪಿನ ಶಿಕ್ಷೆಯನ್ನು ಕಾಲು ಮುರಿದವನೇ ಅನುಭವಿಸಬೇಕೆ? ಬರುವ ಸೋಮವಾರ ಏಳೂವರೆಗೆ ನಮ್ಮೂರಿಗೆ ಬಸ್ಸು ಬರಬೇಕು. ನಾವು ಅವನನ್ನು ಹೊರಸಿನ ಮೇಲೆ ಹೊತ್ತು ತಂದು ರಸ್ತೆಯಲ್ಲಿ ಕಾಯುತ್ತೇವೆ.

ಕಾರು ಠಾಣೆಯಿಂದ ಅಂಗಳಕ್ಕೆ ಮರಳಿದೆ. ಕೀಲಿ ಮತ್ತೆ ಜಗಲಿಯ ಮೇಲಿದೆ. ನಿಮ್ಮ ಸಲುವಾಗಿ ದೇವರಿಗೆ ಒಮ್ಮೆ ಮಾತು ತಪ್ಪಿದ್ದೇನೆ. ಬಸ್ಸು ಕಳಿಸುವುದು ಆಗದಿದ್ದರೆ ಸೋಮವಾರ ತಾವೇ ಬನ್ನಿ. ಕಾಲು ತೊಳೆಯಲು ನೀರು ಕೊಡುತ್ತೇನೆ, ಒಳಗೆ ಬಂದು ಆ ಕೀಲಿಯನ್ನು ನಿಮ್ಮ ಕೈಯಿಂದಲೇ ಎತ್ತಿಕೊಡಿ.

ಇಂತಿ,
ಕೀಲಿ ಕಾಯುತ್ತ ಕೂತಿರುವ,
ನಿಮ್ಮ ಲೆಕ್ಕಕ್ಕೆ ಸಿಗದ ಪ್ರಯಾಣಿಕಳು
ವಿದ್ಯಾವತಿ