ನೀವು ಇಳಿಸಿದ ಕೈ

ಬಸವೇಶ್ವರಿ ಟೀಚರ್ ಅವರಿಗೆ,

ಶಹಾಬಾದಿನ ಶಾಲೆಯಲ್ಲಿ ಜೊತೆಗೆ ಪಾಠ ಮಾಡಿದಷ್ಟು ವರ್ಷವೂ ನಿಮ್ಮನ್ನು ಅಕ್ಕಾ ಎಂದೇ ಕರೆದೆ. ಈ ಪತ್ರದಲ್ಲಿ ಆ ಮಾತು ಬರುವುದಿಲ್ಲ, ಹುಡುಕಬೇಡಿ. ಕ್ಷೇಮವೇ ಎಂದೂ ಕೇಳುವುದಿಲ್ಲ. ಹಡಗಿನ ಫೋಟೋಗಳನ್ನು ದಿನಕ್ಕೊಂದರಂತೆ ಗ್ರೂಪಿಗೆ ಹಾಕುತ್ತಿದ್ದೀರಿ, ಕ್ಷೇಮವಾಗಿಯೇ ಇರಬೇಕು. ನಿನ್ನೆಯ ಫೋಟೋದಲ್ಲಿ ಆ ಗುಡ್ಡದ ಮೇಲೆ ನಾವೆಲ್ಲ ನಿಂತಿದ್ದೇವೆ, ನೀವು ನನ್ನ ಕೈ ಹಿಡಿದಿದ್ದೀರಿ. ಕೆಳಗೆ ನಿಮ್ಮ ಸೇಡಂನ ಗೆಳತಿಯೊಬ್ಬರು, ‘ಇಬ್ಬರೂ ಖಾಸಾ ಅಕ್ಕ-ತಂಗಿ ಇದ್ದಂಗ ಕಾಣಸ್ತೀರಿ’ ಎಂದು ಬರೆದಿದ್ದಾರೆ. ಆ ಕೈಯನ್ನು ಯಾಕೆ ಹಿಡಿದಿದ್ದಿರಿ ಎಂಬುದು ನಮ್ಮಿಬ್ಬರಿಗೇ ಗೊತ್ತು.

ಹಡಗಿಗೆ ಕರೆದವರೂ ನೀವೇ. ‘ರಿಟೈರ್ ಆದ ಮ್ಯಾಲ ಎಲ್ಲಿಗೂ ಹೋಗಿಲ್ಲ ನೀ. ನಮ್ಮ ಸೇಡಂ ಹೆಣ್ಮಕ್ಕಳ ಜೋಡಿ ಬಾ, ಸಮುದ್ರ ನೋಡಿ ಬರೋಣು’ ಎಂದಿರಿ. ವಾಡಿಯಲ್ಲಿ ರೈಲು ಹತ್ತಿ ಚೆನ್ನೈಗೆ ಹೋದೆವು, ಅಲ್ಲಿಂದ ಹಡಗು ಶ್ರೀಲಂಕಾದ ಕಡೆ ಹೊರಟಿತು. ನಮ್ಮಿಬ್ಬರಿಗೆ ಒಂದೇ ಕ್ಯಾಬಿನ್. ಬೆಳಿಗ್ಗೆ ನೀವು ಲಿಂಗಪೂಜೆ ಮುಗಿಸಿ, ವಚನ ಓದಿ, ನನ್ನ ಗಲ್ಲ ಹಿಡಿದು ಹಣೆಗೆ ವಿಭೂತಿ ಎಳೆಯುತ್ತಿದ್ದಿರಿ. ‘ಹಣಿ ಬೋಳ ಕಾಣ್ಲಿಕತ್ತದ, ಬಾ ಇಲ್ಲಿ.’ ನಮ್ಮವ್ವ ಹೋದ ಮೇಲೆ ಯಾರೂ ನನ್ನ ಗಲ್ಲ ಹಿಡಿದು ಮುಖ ನೋಡಿರಲಿಲ್ಲ. ಪ್ರೀತಿ ಎಂದುಕೊಂಡು ಹಚ್ಚಿಸಿಕೊಂಡೆ. ನನ್ನ ಪೆದ್ದುತನಕ್ಕೆ ಈಗ ನಗು ಕೂಡ ಬರುತ್ತಿಲ್ಲ.

ಟ್ರಿಂಕೋಮಲಿ ಬಂದರಿನಲ್ಲಿ ಇಳಿದು ಬಸ್ಸು ಹತ್ತಿದ ಆ ದಿನವನ್ನು ನೀವು ಫೋಟೋಗಳಲ್ಲಿ ನೆನೆಯುತ್ತಿದ್ದೀರಿ, ನಾನು ಹೇಗೆ ನೆನೆಯುತ್ತೇನೆ ಎಂದು ಹೇಳುತ್ತೇನೆ. ಬಣ್ಣದ ಛತ್ರಿ ಎತ್ತಿ ಹಿಡಿದು ಗೈಡ್ ಮುಂದೆ, ನಾವು ಹಿಂದೆ. ಗುಡ್ಡದ ಮೇಲೆ ಆ ಪಾಳು ಸ್ತೂಪ, ಸುತ್ತ ಚಾವಣಿ ಹೋಗಿ ಉಳಿದ ಬರೀ ಕಲ್ಲುಕಂಬ. ಚಪ್ಪಲಿ ಬಿಡಿ ಎಂದಾಗ ನಿಮ್ಮವರೆಲ್ಲ ಕಾದ ಕಲ್ಲಿನ ಮೇಲೆ ಕುಣಿದಾಡಿದರು. ನನಗೆ ಕಾಲು ಸುಟ್ಟದ್ದೂ ತಿಳಿಯಲಿಲ್ಲ. ಸನ್ನತಿಯ ಹತ್ತಿರ ಸ್ತೂಪ ಅಗೆಯುವಾಗ ಕೂಲಿಗೆ ಹೋಗಿದ್ದ ನಮ್ಮಪ್ಪ ಲಾಲಪ್ಪ, ಒಮ್ಮೆ ನನ್ನನ್ನು ಅಲ್ಲಿಗೆ ಕರೆದೊಯ್ದು, ‘ಇದು ನಮ್ದವ್ವ, ಕಣ್ಣ ತುಂಬ ನೋಡು’ ಎಂದಿದ್ದ. ಕಡಲು ದಾಟಿ ಬಂದರೂ ಅದೇ ಮಾತು ಕಿವಿಯಲ್ಲಿತ್ತು.

ಗೈಡ್ ನೈದಿಲೆ ಹೂವಿನ ತಟ್ಟೆ ಹಿಡಿದು ಹಿಂದಿಯಲ್ಲಿ ಕೇಳಿದ, ನಿಮ್ಮಲ್ಲಿ ಬೌದ್ಧರು ಯಾರಾದರೂ ಇದ್ದೀರಾ, ಮೊದಲ ಹೂವು ಅವರಿಡಲಿ ಎಂದು. ನಾನು ಕೈ ಎತ್ತಿದೆ.

ಆ ಕೈ ಏನೆಂದು ನಿಮಗೆ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ. ಚಿಕ್ಕವಳಿದ್ದಾಗ ಮಾಸ್ತರರು, ಎಸ್‌ಸಿ ಸ್ಕಾಲರ್‌ಶಿಪ್ಪಿನವರು ಕೈ ಎತ್ತಿ ಎನ್ನುತ್ತಿದ್ದರು, ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು, ನಾನು ಕೈಯನ್ನು ಕಿವಿಯ ತನಕ ಮಾತ್ರ ಎತ್ತುತ್ತಿದ್ದೆ. ಟೀಚರ್ ಆದ ಮೇಲೆ ನನ್ನ ಕ್ಲಾಸಿನಲ್ಲಿ ಆ ಮಾತು ಒಮ್ಮೆಯೂ ಆಡಲಿಲ್ಲ. ಅಂದು ಗುಡ್ಡದ ಮೇಲೆ ಮೊದಲ ಸಲ ಖುಷಿಯಿಂದ, ಪೂರ್ತಿ ತೋಳು ಚಾಚಿ ಎತ್ತಿದ್ದೆ.

ನೀವು ಅದನ್ನು ಹಿಡಿದು ಕೆಳಗೆ ಎಳೆದಿರಿ. ಬಳೆ ಚರ್ಮಕ್ಕೆ ಒತ್ತಿತು. ಗೈಡಿಗೆ ‘ಯಾರೂ ಇಲ್ಲ’ ಎಂದಿರಿ. ಆಮೇಲೆ ನನ್ನ ಕಿವಿಯಲ್ಲಿ, ‘ಸುಮ್ಕಿರು ರಾಧಿಕಾ. ಇವರೆಲ್ಲಾರಿಗೂ ನೀ ನಮ್ಮ ಜಾತ್ಯಾಕಿ ಅಂತ ಹೇಳೀನಿ ನಾ’ ಎಂದಿರಿ. ವಿಭೂತಿ ಯಾಕೆಂದು ಆಗ ತಿಳಿಯಿತು. ತಟ್ಟೆ ನಿಮ್ಮ ಸೇಡಂನ ಅಕ್ಕಿ ಗಿರಣಿಯ ಶಿವಕಾಂತಮ್ಮನ ಕೈಗೆ ಹೋಯಿತು, ಆಕೆ ಹೂವಿಟ್ಟು ಫೋಟೋ ತೆಗೆಸಿಕೊಂಡಳು. ಎಲ್ಲರೂ ಫೋಟೋಕ್ಕೆ ನಿಂತಾಗಲೂ ನೀವು ನನ್ನ ಕೈ ಬಿಟ್ಟಿರಲಿಲ್ಲ, ಮತ್ತೆ ಎತ್ತಿಯಾಳು ಎಂಬ ಹೆದರಿಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಶಿವಕಾಂತಮ್ಮ ಹೇಳಿದಳು, ‘ನಮ್ಮ ಸನ್ನತಿ ಕಡಿಗೂ ಇಂಥವೇ ಕಲ್ಲು ಅವ ಅಂತ. ಅಲ್ಲಿಗೆ ಬರೇ ಆ ಮಂದೀನೇ ಹೋಗತಾರ, ನಾವ್ಯಾಕ ಹೋಗೋಣು?’ ಎಲ್ಲರೂ ನಕ್ಕರು. ನೀವು ಕಿಟಕಿಯ ಹೊರಗೆ ತೆಂಗಿನ ಮರ ನೋಡುತ್ತಿದ್ದಿರಿ. ನಾನು ಸೆರಗಿನಿಂದ ಹಣೆ ಒರೆಸಿಕೊಂಡೆ.

ಕ್ಯಾಬಿನ್ನಿನಲ್ಲಿ ಕೇಳಿದ್ದಕ್ಕೆ ನಿಮ್ಮ ಉತ್ತರ ಸಿದ್ಧವಿತ್ತು. ‘ನಿನ್ನ ಸಲುವಾಗೇ ಮಾಡೀನಿ. ಖರೇ ಹೇಳಿದ್ರ ಇವರು ನಿನ್ನ ಜೋಡಿ ಊಟಕ್ಕ ಕುಂದರ್ತಿದ್ರೇನು?’ ಅವರ ಮಾತು ಬಿಡಿ, ಟೀಚರ್. ನೀವು ಕೂತವರು. ನನ್ನ ಡಬ್ಬಿಯ ಪುಂಡಿಪಲ್ಲೆ ಬೆರಳು ನೆಕ್ಕಿ ತಿಂದವರು. ಸ್ಟಾಫ್ ರೂಮಿನ ಬಾಗಿಲ ಒಳಗೆ ಇದ್ದ ಧೈರ್ಯ ಸೇಡಂನ ಗೆಳತಿಯರ ಎದುರು ಎಲ್ಲಿ ಹೋಯಿತು? ದಿನಾ ಬೆಳಿಗ್ಗೆ ಓದುವ ವಚನಗಳು ನಿಮಗೆ ಏನನ್ನೂ ಹೇಳಲಿಲ್ಲವೇ? ಶಿವಕಾಂತಮ್ಮನಿಗೆ ನಾನು ಯಾರೆಂದು ತಿಳಿಯದೆ ಆ ಮಾತು ಬಂತು. ನಿಮಗೆ ಎಲ್ಲ ತಿಳಿದಿತ್ತು. ನಿಮಗೆ ನನ್ನ ಮೇಲೆ ಪ್ರೀತಿ ಇತ್ತು ಎಂಬುದನ್ನು ಈಗಲೂ ನಂಬುತ್ತೇನೆ, ಅದಕ್ಕೇ ಇಷ್ಟು ಸಿಟ್ಟು. ಲಾಲಪ್ಪನ ಮಗಳನ್ನು ಬಿಟ್ಟು ಉಳಿದ ರಾಧಿಕಾ ನಿಮಗೆ ಬೇಕಾಗಿದ್ದಳು. ಅಂಥವಳು ಯಾರೂ ಇಲ್ಲ.

ನಿನ್ನೆ ನಿಮ್ಮ ಫೋಟೋದ ಕೆಳಗೆ ನಾನೂ ಬರೆದೆ, ನೀವು ಓದಿದ್ದೀರಿ: ‘ನಾನು ಲಾಲಪ್ಪನ ಮಗಳು ರಾಧಿಕಾ, ನಾವು ಬೌದ್ಧರು. ಬರುವ ರವಿವಾರ ಸನ್ನತಿಯ ಕಡೆ ಸ್ತೂಪ ತೋರಿಸುತ್ತೇನೆ, ನಾನೇ ಗೈಡ್. ವಾಡಿ ಸ್ಟೇಷನ್ ಮುಂದೆ ಜೀಪು ನಿಂತಿರುತ್ತದೆ. ಆ ಮಂದಿಯಲ್ಲಿ ಒಬ್ಬಳು ಕರೆಯುತ್ತಿದ್ದೇನೆ, ಬರ್ರಿ.’ ಇಬ್ಬರು ಗ್ರೂಪ್ ಬಿಟ್ಟು ಹೋದರು. ಇವತ್ತು ಬೆಳಿಗ್ಗೆ ಫೋನ್ ಮಾಡಿದವಳು ಶಿವಕಾಂತಮ್ಮ ಒಬ್ಬಳೇ. ‘ಬಸ್ಸಿನ್ಯಾಗ ಅಂದದ್ದು ನಿಮಗ ಚುಚ್ಚಿರಬೇಕು. ಹೆಂಗ ಮಾರಿ ತೋರಿಸಬೇಕೋ ತಿಳೀವಲ್ದು’ ಎಂದಳು. ಆಮೇಲೆ, ‘ಅಲ್ಲೂ ಚಪ್ಪಲಿ ಬಿಡಬೇಕೇನ್ರಿ?’ ಎಂದು ಕೇಳಿದಳು. ಆಕೆಯ ಮೇಲಿನ ಸಿಟ್ಟೂ ಪೂರ್ತಿ ಹೋಗಿಲ್ಲ. ಆದರೆ ಆಕೆ ಬರುತ್ತಾಳೆ.

ನೀವು ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಅಲ್ಲಿ ನಾನು ಹೂವಿನ ತಟ್ಟೆ ಹಿಡಿದು ಆ ಗೈಡ್ ಕೇಳಿದ್ದನ್ನೇ ಕೇಳುತ್ತೇನೆ, ಕೇಳಿ ನಾನೇ ಕೈ ಎತ್ತುತ್ತೇನೆ. ಬಂದರೆ ನನ್ನ ಪಕ್ಕದಲ್ಲಿ ಮಾತ್ರ ನಿಲ್ಲಬೇಡಿ. ನನ್ನ ಕೈ ನಿಮಗೆ ಎಟುಕದಷ್ಟು ದೂರದಲ್ಲಿ ನಿಂತು ನೋಡಿ.

ನಿಮ್ಮ ವಿಭೂತಿ ನಿಮ್ಮ ಹಣೆಗಿರಲಿ. ನಿಮಗೆ ಒಳ್ಳೆಯದಾಗಲಿ, ನನ್ನನ್ನು ಮುಚ್ಚಿಟ್ಟು ಅಲ್ಲ, ನಿಮ್ಮಷ್ಟಕ್ಕೆ.

ಲಾಲಪ್ಪನ ಮಗಳು,
ರಾಧಿಕಾ
ವಾಡಿ