ಜೊಂಡು ಕತ್ತರಿಸಿ ಪತಂಗ ಹುಡುಕಿದವರಿಗೆ

ಜೀವವೈವಿಧ್ಯ ದಾಖಲಾತಿ ಕಚೇರಿಯ ಮುಖ್ಯಸ್ಥರ ಕುರ್ಚಿಯನ್ನು ಬೆಚ್ಚಗಿಟ್ಟಿರುವ ಮಾನ್ಯರೇ,

ಬಸ್ ಡಿಪೋ ಹಿಂದಿನ ಕೆರೆಯಲ್ಲಿ ಜೊಂಡಿನ ಪತಂಗ "ಕಂಡುಬಂದಿಲ್ಲ" ಎಂದು ತಾವು ಸಹಿ ಹಾಕಿದ ವರದಿ ತಲುಪಿತು. ಹೇಗೆ ತಾನೇ ಕಂಡುಬಂದೀತು? ಅದನ್ನು ಹುಡುಕಲು ತಾವು ಕಳಿಸಿದ ತಂಡ ಮೊದಲು ಮಾಡಿದ ಕೆಲಸವೆಂದರೆ, ಅದು ವಾಸವಾಗಿದ್ದ ಜೊಂಡನ್ನು ಬುಡಮಟ್ಟ ಕತ್ತರಿಸಿ ಹಾಕಿದ್ದು. ಅಂದು ಯಂತ್ರ ತಲುಪದ ಒಂದೇ ಒಂದು ಮೂಲೆ ಪಂಪ್‌ಹೌಸ್ ಪಕ್ಕ ಉಳಿದುಕೊಂಡಿದೆ. ಈಗ ತಮ್ಮ ವರದಿಯನ್ನೇ ತೋರಿಸಿ, "ಅಲ್ಲೇನೂ ಇಲ್ಲವಲ್ಲ" ಎಂದು ಅದನ್ನೂ ಕಿತ್ತು, ಜನ ಕೂತು ಫೋಟೋ ತೆಗೆದುಕೊಳ್ಳಲು ನಗರಸಭೆಯವರು ಕಟ್ಟೆ ಕಟ್ಟಿಸುತ್ತಾರಂತೆ. ಈ ಪತ್ರ ಬರೆಯುತ್ತಿರುವುದು ಆ ಮೂಲೆಗಾಗಿ. ಮುಚ್ಚಿದ ಲಕೋಟೆಯಲ್ಲಿ ಬರೆದವು ಫಲ ಕೊಡಲಿಲ್ಲವಾದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಹಲ್ಲಿನ ಡಾಕ್ಟರು. ನನ್ನ ಕ್ಲಿನಿಕ್ಕಿನ ಕಿಟಕಿ ತೆರೆದರೆ ಕೆರೆ. ಮಂಡಿ ಆಪರೇಷನ್ ಆದಮೇಲೆ ನಡೆಯಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ನನ್ನ ಅತ್ತೆಯನ್ನು ಬೆಳಿಗ್ಗೆ ಬೆಳಿಗ್ಗೆ ದಂಡೆಯ ಮೇಲೆ ಓಡಾಡಿಸುತ್ತೇನೆ. ಹೋದ ವರ್ಷ ಹಾಗೆ ಓಡಾಡುವಾಗ ಅತ್ತೆ ಜೊಂಡಿನ ಕಡ್ಡಿಗೆ ಅಂಟಿದ್ದ ಒಣ ಎಲೆಯೊಂದನ್ನು ಊರುಗೋಲಿನಿಂದ ಸರಿಸಹೋದರು. ಎಲೆ ಹಾರಿತು! ಹುಲ್ಲಿನ ಬಣ್ಣ, ಮೈತುಂಬ ಸಣ್ಣ ಗೆರೆ, ಕೂತರೆ ತಲೆ ಕೆಳಗೆ. ಅದು ಯಾವುದೆಂದು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಈ ಪತಂಗಕ್ಕೊಂದು ದಾಯಾದಿ ಇದೆ, ಎಲ್ಲ ಕೆರೆಯಲ್ಲೂ ಸಿಗುವಂಥದ್ದು. ಮೇಲಿಂದ ನೋಡಿದರೆ ಎರಡೂ ಒಂದೇ. ಹಿಂದಿನ ರೆಕ್ಕೆಯ ಅಡಿಯಲ್ಲಿ ಕಪ್ಪು ಚುಕ್ಕೆ ಇದ್ದರೆ ಮಾತ್ರ ಅದು ಅಪರೂಪದ್ದು. ಕೂತಾಗ ರೆಕ್ಕೆಯ ಅಡಿ ಕಾಣುವುದಿಲ್ಲ, ಹಾರುವಾಗ ಚುಕ್ಕೆ ಕಾಣುವುದಿಲ್ಲ. ಕೊನೆಗೆ ಗಾಜಿನ ಲೋಟದಲ್ಲಿ ಹಿಡಿದು, ರೋಗಿಗಳ ಬಾಯೊಳಗೆ ಇಣುಕುವ ನನ್ನ ಪುಟ್ಟ ಕನ್ನಡಿಯನ್ನು ಕೆಳಗಿಟ್ಟು, ಅದು ರೆಕ್ಕೆ ಬಡಿಯುವುದನ್ನೇ ಕಾದೆವು. ಚುಕ್ಕೆ ಇತ್ತು. ನಾನು ಕೂಗಿದ ಕೂಗಿಗೆ ಹೊರಗೆ ಕಾಯುತ್ತಿದ್ದ ರೋಗಿಯೊಬ್ಬರು ಎದ್ದು ಮನೆಗೆ ಹೋದರು.

ಫೋಟೋ ತೆಗೆದು, ಪತಂಗವನ್ನು ಜೊಂಡಿಗೆ ಬಿಟ್ಟು, ತಮ್ಮ ಕಚೇರಿಗೆ ಸಂಭ್ರಮದಿಂದ ಬರೆದೆ. ಈ ಭಾಗದಲ್ಲಿ ಇದಕ್ಕೆ ಮೊದಲು ಯಾರೂ ದಾಖಲಿಸಿರದ ಜೀವಿ, ಕುಣಿದಾಡುತ್ತೀರಿ ಎಂದುಕೊಂಡಿದ್ದೆ. "ಛಾಯಾಚಿತ್ರವನ್ನು ಪರಿಗಣಿಸಲಾಗದು, ಸತ್ತ ಮಾದರಿಯನ್ನು ಸಲ್ಲಿಸತಕ್ಕದ್ದು" ಎಂದು ಉತ್ತರಿಸಿದಿರಿ. ಕೊಲ್ಲುವುದು ಬೇಡ, ಬಂದು ನೋಡಿ ಎಂದು ಮತ್ತೆ ಬರೆದೆ. ಇದರ ಮರಿಹುಳು ಜೊಂಡಿನ ಕಡ್ಡಿಯ ಒಳಗೇ ತಿಂದು ಬೆಳೆದು, ಅಲ್ಲೇ ಕೋಶ ಕಟ್ಟುತ್ತದೆ, ಹೊರಗೆ ಕಾಣುವುದು ಒಂದು ಸಣ್ಣ ತೂತು, ಆದ್ದರಿಂದ ಒಣಗಿದ ಕಡ್ಡಿಯನ್ನೂ ಮುಟ್ಟಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದ್ದೆ. ದಿನವಿಡೀ ಹುಳುಕು ಹುಡುಕುವವಳಿಗೆ ತೂತು ಗುರುತಿಸುವುದು ಕಷ್ಟವಲ್ಲ. ತಮ್ಮವರಿಗೆ ಪತ್ರ ಓದುವುದು ಇಷ್ಟು ಕಷ್ಟ ಎಂದು ಮಾತ್ರ ಗೊತ್ತಿರಲಿಲ್ಲ.

ಬಂದರು. ಜೀಪಿನಲ್ಲಿ ತಮ್ಮ ತಜ್ಞರು, ಹಿಂದೆ ಲಾರಿಯಲ್ಲಿ ಕತ್ತರಿಸುವ ಯಂತ್ರ. ನಾನು ಆಗ ಒಬ್ಬರ ದವಡೆ ಹಲ್ಲಿನೊಳಗೆ ಮುಳುಗಿದ್ದೆ. ಅತ್ತೆ ಕಿಟಕಿಯಿಂದ "ಬೇಗ ಬಾರಮ್ಮಾ, ಎಲ್ಲಾ ಬೋಳಿಸ್ತಾ ಇದಾರೆ!" ಎಂದು ಕೂಗಿದರು. ರೋಗಿಗೆ ಬಾಯಿ ತೆರೆದೇ ಇರಿ ಎಂದು ಹೇಳಿ, ಕೈಗವಸಿನಲ್ಲೇ ಓಡಿದೆ. ಅಷ್ಟರಲ್ಲಿ ಅರ್ಧ ಜೊಂಡು ಮಲಗಿತ್ತು.

"ಏನು ಮಾಡ್ತಿದೀರಿ?" ಎಂದೆ.

"ಸರ್ವೆ ಮೇಡಂ. ಒಳಗೆ ಹೋಗೋಕೆ ದಾರಿ ಬೇಕಲ್ಲ? ಹಾವು ಗೀವು ಇದ್ರೆ ಯಾರು ಜವಾಬ್ದಾರಿ?" ಎಂದರು ತಜ್ಞರು. ಅವರ ಬೂಟು ಪಳಪಳ ಹೊಳೆಯುತ್ತಿತ್ತು.

ಅತ್ತೆ ಕುಂಟುತ್ತಲೇ ಹತ್ತಿರ ಹೋದರು. "ಅಲ್ಲಪ್ಪಾ, ಅದರ ಮನೇನೇ ಇದು. ಮನೆ ಕೆಡವಿ ಆಮೇಲೆ ಯಾರಿದೀರಾ ಅಂತ ಬಾಗಿಲು ತಟ್ತೀಯಾ?"

"ಅಜ್ಜೀ, ನಾವು ಪತಂಗಕ್ಕೆ ಏನೂ ಮಾಡ್ತಿಲ್ಲ. ಬರೀ ಹುಲ್ಲು ತೆಗೀತಿದೀವಿ."

ಮಾನ್ಯರೇ, ಈ ಮಾತನ್ನು ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ನೇತುಹಾಕಿಸಿಕೊಳ್ಳಿ. ತಮ್ಮ ಕಚೇರಿಯ ಇಡೀ ವಿದ್ಯೆ ಅದರಲ್ಲಿದೆ. ತಮ್ಮ ತಜ್ಞರು ಮಧ್ಯಾಹ್ನದ ಸುಡುಬಿಸಿಲಲ್ಲಿ ಬೋಳು ನೆಲದ ಮೇಲೆ ಅತ್ತಿಂದಿತ್ತ ನಡೆದು, ನನ್ನ ಕ್ಲಿನಿಕ್ಕಿನ ನಲ್ಲಿಯಲ್ಲೇ ಬೂಟು ತೊಳೆದುಕೊಂಡು ಹೊರಟರು. ಅದಕ್ಕೆ ತಾವು "ಕೂಲಂಕಷ ಸಮೀಕ್ಷೆ" ಎಂದು ಹೆಸರಿಟ್ಟಿದ್ದೀರಿ. ಇವರು ನನ್ನ ವೃತ್ತಿಗೆ ಬಂದಿದ್ದರೆ ಹಲ್ಲು ಪರೀಕ್ಷಿಸಲು ತಲೆಯನ್ನೇ ತೆಗೆದಿಡುತ್ತಿದ್ದರೋ ಏನೋ.

ಲಾರಿ ತುಂಬುವ ಮೊದಲು ನಾವಿಬ್ಬರೂ ರಾಶಿಗೆ ಕೈಹಾಕಿ ತೂತಿದ್ದ ಕಡ್ಡಿಗಳನ್ನು ಆರಿಸಿಕೊಂಡೆವು. ಅತ್ತೆ ಸೆರಗಿನಲ್ಲಿ ತುಂಬಿಕೊಂಡರು. ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್ಟಿಗೆ ಮರಳು ತುಂಬಿ ಕಡ್ಡಿಗಳನ್ನು ನೆಟ್ಟೆವು. ಬಂದವರೆಲ್ಲ ಇದೇನು ಪೊರಕೆಯನ್ನು ಹೀಗಿಟ್ಟಿದ್ದೀರಿ ಎಂದು ಕೇಳುವವರೇ. ಕಡ್ಡಿ ಒಣಗುತ್ತಾ ಹೋಯಿತು, ನನ್ನ ಆಸೆಯೂ ಒಣಗಿತು. ಅತ್ತೆ ಮಾತ್ರ ದಿನವೂ ನೀರು ಚಿಮುಕಿಸುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ಕಿಟಕಿಯ ಪರದೆಯ ಮೇಲೆ ತಲೆ ಕೆಳಗಾಗಿ ಒಂದು ಒಣ ಎಲೆ.

"ಬಂದಳು ನೋಡು, ಅಪಾಯಿಂಟ್ಮೆಂಟೇ ಇಲ್ಲದೆ!" ಎಂದರು ಅತ್ತೆ.

ಲೋಟ, ಕನ್ನಡಿ, ಚುಕ್ಕೆ. ಸಂಶಯವೇ ಇಲ್ಲ. ಎಷ್ಟೋ ಕಡ್ಡಿಗಳಲ್ಲಿ ಬದುಕಿ ಬಂದದ್ದು ಅದೊಂದೇ. ತಕ್ಷಣ ತಮ್ಮ ಕಚೇರಿಗೆ ಫೋನು ಮಾಡಿದೆ. "ಕೊಂದು ಕಳಿಸಿ ಮೇಡಂ, ಎಂಟ್ರಿ ಮಾಡ್ತೀವಿ" ಎಂಬ ಉತ್ತರ ಬಂತು. ಸ್ಪಿರಿಟ್ ಬಾಟಲಿ ನನ್ನ ಕೈಗೆಟುಕುವಲ್ಲೇ ಇತ್ತು. ಒಂದನ್ನು ಕೊಟ್ಟರೆ ಮೂಲೆ ಉಳಿಯುತ್ತದಲ್ಲ ಎಂಬ ಯೋಚನೆ ಬಂದದ್ದೂ ನಿಜ. ಆದರೆ ಇದೇ ಕೊನೆಯದಾಗಿದ್ದರೆ, ಆಮೇಲೆ ಉಳಿಯುವ ಮೂಲೆಯಲ್ಲಿ ಇರುವುದಾದರೂ ಏನು?

ಅತ್ತೆ ಬಾಟಲಿಯನ್ನು ಎತ್ತಿ ಕಪಾಟಿನಲ್ಲಿಟ್ಟರು. "ನಾನು ಬದುಕಿದೀನಿ ಅಂತ ತೋರ್ಸೋಕೆ ವರ್ಷಕ್ಕೊಂದ್ಸಲ ಪಿಂಚಣಿ ಆಫೀಸಿಗೆ ನಡ್ಕೊಂಡೇ ಹೋಗ್ತೀನಿ. ಸತ್ತು ಬಾ ಅಂತ ಯಾರೂ ಹೇಳಿಲ್ಲಮ್ಮಾ. ಇದನ್ನೂ ಹಾಗೇ ಕರ್ಕೊಂಡು ಹೋಗೋಣ ನಡಿ."

ಹೋದೆವು. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು. ತಮ್ಮ ಗುಮಾಸ್ತರು, ಜೀವಂತ ವಸ್ತು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದರು. ಜೀವವೈವಿಧ್ಯದ ಕಚೇರಿಯಲ್ಲಿ! ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಗಾಜಿನ ಆಚೆ ತಾವು ಒಬ್ಬರೇ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದಿರಿ. ಕತ್ತರಿಸುವುದು ತಮ್ಮಲ್ಲಿ ಮೇಲಿಂದಲೇ ಬಂದಿರುವ ಅಭ್ಯಾಸ ಎಂದು ಆಗ ಗೊತ್ತಾಯಿತು. ಕೊನೆಗೆ ಊಟಕ್ಕೆಂದು ಹೊರಬಂದ ತಾವು, ಅತ್ತೆ ಎತ್ತಿ ಹಿಡಿದ ಡಬ್ಬಿಯ ಕಡೆ ಅರೆಕ್ಷಣ ಕಣ್ಣು ಹಾಯಿಸಿ, "ಇದು ದೀಪದ ಹುಳ ಅಲ್ವಾ?" ಎಂದಿರಿ. ನೆನಪಿದೆಯೇ? ತಮಗೆ ನೆನಪಿರಲಿಕ್ಕಿಲ್ಲ. ಅತ್ತೆಗೆ ನೆನಪಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಸೆರಗಿನಿಂದ ಡಬ್ಬಿಗೆ ನೆರಳು ಮಾಡಿಕೊಂಡೇ ಕೂತಿದ್ದರು.

ಅಂದೇ ಸಂಜೆ ಪಂಪ್‌ಹೌಸ್ ಪಕ್ಕದ ಮೂಲೆಯಲ್ಲಿ ಡಬ್ಬಿ ತೆರೆದೆವು. ಅದು ಸ್ವಲ್ಪ ಹೊತ್ತು ಅತ್ತೆಯ ಬೆರಳ ಮೇಲೆ ಕೂತಿದ್ದು, ಆಮೇಲೆ ಜೊಂಡಿನೊಳಗೆ ಹೋಯಿತು. ಹಾಗಾಗಿ ತಾವು ಬಯಸುವ ಪುರಾವೆ ಈಗ ನನ್ನ ಹತ್ತಿರ ಇಲ್ಲ. ಅದು ಇರಬೇಕಾದ ಜಾಗದಲ್ಲಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮ ವರದಿಯಲ್ಲಿ "ಕಂಡುಬಂದಿಲ್ಲ" ಎಂಬುದನ್ನು ಹೊಡೆದುಹಾಕಿ, "ನಾವು ಕತ್ತರಿಸಿದ ಜಾಗದಲ್ಲಿ ಕಂಡುಬಂದಿಲ್ಲ" ಎಂದು ತಿದ್ದಿ. ಆ ಮೂಲೆಗೆ ಯಂತ್ರ ಇಳಿಯಬಾರದೆಂದು ಇಂದೇ ಆದೇಶ ಕೊಡಿ. ಕೊಡುವವರೆಗೂ ನನ್ನ ಅತ್ತೆ ನನ್ನ ಕ್ಲಿನಿಕ್ಕಿನ ಕುರ್ಚಿಯೊಂದನ್ನು ಹಾಕಿಸಿಕೊಂಡು ಜೊಂಡಿನ ಮುಂದೆ ಕೂತಿರುತ್ತಾರೆ. ಅವರನ್ನು ದಾಟದೆ ಯಂತ್ರ ಒಳಗೆ ಹೋಗಲಾರದು. ಅಲ್ಲಿ ಯಾರೂ ಕಂಡುಬಂದಿಲ್ಲ ಎಂದು ಮಾತ್ರ ಈ ಸಲ ಬರೆಯಲು ಹೋಗಬೇಡಿ. ಅವರು ಬದುಕಿದ್ದಾರೆ ಎಂಬುದಕ್ಕೆ ಸರ್ಕಾರದ್ದೇ ಪ್ರಮಾಣಪತ್ರ ಇದೆ, ಮಡಿಲಲ್ಲೇ ಇಟ್ಟುಕೊಂಡಿದ್ದಾರೆ.

ಇಂತಿ,
ಊರವರ ಬಾಯನ್ನೆಲ್ಲ ತೆರೆಸಿದರೂ ತಮ್ಮ ಕಣ್ಣು ತೆರೆಸಲಾಗದೆ ಸೋತಿರುವ
ಕೆರೆ ದಂಡೆಯ ಹಲ್ಲಿನ ಡಾಕ್ಟರು